ಡ್ಯಾಶ್ ಕ್ಯಾಮೆರಾ ಮತ್ತು ಅದರ ಗಿಡ್ಡ ಕಾಲು

ಕಾರಿನ ಮುಂದಿನ ಗಾಜಿನ ಒಳಗೆ ಕುಳಿತು ರಸ್ತೆಯನ್ನು ಬಿಡದೆ ಚಿತ್ರಿಸುವ ಪುಟ್ಟ ಯಂತ್ರಕ್ಕೆ ಡ್ಯಾಶ್ ಕ್ಯಾಮೆರಾ ಎನ್ನುತ್ತಾರೆ. ಸಂಜೆ ನಮ್ಮ ಕಾಲೇಜಿನ ಗೇಟಿನ ಹೊರಗೆ ಸಾಲಾಗಿ ನಿಲ್ಲುವ ಕಾರು, ವ್ಯಾನುಗಳಲ್ಲಿ ಈಗ ಮೂರು ನಾಲ್ಕರಲ್ಲಾದರೂ ಅದು ಕಾಣುತ್ತದೆ. ಕೊಳ್ಳುವವರು ಅಂಗಡಿಯಲ್ಲಿ ಕೇಳುವುದು ಹೆಚ್ಚಾಗಿ ಎರಡೇ ಪ್ರಶ್ನೆ: ಎಷ್ಟು ಪಿಕ್ಸೆಲ್, ಎಷ್ಟು ರೂಪಾಯಿ. ಅದನ್ನು ಗಾಜಿಗೆ ಹಿಡಿದಿಡುವ ಮೌಂಟ್, ಅಂದರೆ ಅದರ ಕಾಲು, ಹೇಗಿದೆ ಎಂದು ಕೇಳುವವರು ಕಡಿಮೆ. ಆದರೆ ಕ್ಯಾಮೆರಾ ಬೇಕಾದ ಹೊತ್ತಿಗೆ ಸಾಕ್ಷಿ ಹೇಳುತ್ತದೋ ಇಲ್ಲವೋ ಎಂಬುದು ಬಹಳಷ್ಟು ಮಟ್ಟಿಗೆ ಆ ಕಾಲಿನ ಮೇಲೆ ನಿಂತಿದೆ. ಅದು ಏಕೆ, ಮತ್ತು ಕಣ್ಣಿಗೆ ಬೀಳದಷ್ಟು ಗಿಡ್ಡ ಕಾಲನ್ನು ನಾವೇ ಹೇಗೆ ಮಾಡಿಕೊಳ್ಳಬಹುದು ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ನನಗೆ ಈ ವಿಷಯದಲ್ಲಿ ಆಸಕ್ತಿ ಬಂದದ್ದು ನನ್ನ ಮಾಮನಿಂದ. ಅವರು ಟೂರಿಸ್ಟ್ ಕಾರು ಓಡಿಸುತ್ತಾರೆ. ಮಂಗಳೂರು–ಬೆಂಗಳೂರು ದಾರಿ ಅವರಿಗೆ ಮನೆಯಂಗಳದ ಹಾಗೆ. ಕಳೆದ ಮಳೆಗಾಲದಲ್ಲಿ ಶಿರಾಡಿ ಘಾಟಿಯ ಏರಿನಲ್ಲಿ ವಾಹನಗಳ ಸಾಲು ನಿಂತಿದ್ದಾಗ ಮುಂದಿನ ಲಾರಿ ಹಿಂದಕ್ಕೆ ಜಾರಿ ಇವರ ಬಾನೆಟ್ಟಿಗೆ ಬಡಿಯಿತು. "ನೀನೇ ಹಿಂದಿನಿಂದ ಬಂದು ಗುದ್ದಿದ್ದು" ಎಂದು ಲಾರಿಯವರು ಹೇಳಿದರು. ಮಾಮ ಧೈರ್ಯದಿಂದ ಕ್ಯಾಮೆರಾದ ಕಾರ್ಡ್ ತೆಗೆದು ಮೊಬೈಲಿಗೆ ಹಾಕಿ ನೋಡಿದರೆ, ಘಾಟಿಯ ಗುಂಡಿಗಳಲ್ಲಿ ಕುಲುಕಿ ಕುಲುಕಿ ಕ್ಯಾಮೆರಾದ ಕತ್ತು ಕೆಳಗೆ ಬಾಗಿತ್ತು. ಅದರಲ್ಲಿ ಇದ್ದದ್ದು ಡ್ಯಾಶ್‌ಬೋರ್ಡ್ ಮತ್ತು ಒಂದು ಟಿಶ್ಯೂ ಪೆಟ್ಟಿಗೆ. ಡಬ್ಬೆಂದ ಶಬ್ದ ಚೆನ್ನಾಗಿ ಕೇಳುತ್ತಿತ್ತು, ಅಷ್ಟೇ. ಬಂಪರ್, ಹೆಡ್‌ಲೈಟ್, ಬಾನೆಟ್ ಎಲ್ಲಕ್ಕೂ ಕೈಯಿಂದಲೇ ಹಣ ಹೋಯಿತು. ಗಾಡಿ ಗ್ಯಾರೇಜಿನಲ್ಲಿದ್ದ ದಿನಗಳಲ್ಲಿ ದುಡಿಮೆಯೂ ಇಲ್ಲ. "ಕಣ್ಣು ಉಂಟು ಮಾರಾಯ, ಕತ್ತು ಗಟ್ಟಿ ಇಲ್ಲ" ಎಂದರು ಮಾಮ. ಕ್ಯಾಮೆರಾ ಒಳ್ಳೆಯದೇ ಇತ್ತು. ಅದರ ಜೊತೆ ಬಂದ ಉದ್ದ ಕೈಯ ಸ್ಟ್ಯಾಂಡ್ ಸರಿ ಇರಲಿಲ್ಲ.

ಉದ್ದ ಕೈಯ ತೊಂದರೆ ಏನು?

ಪೆಟ್ಟಿಗೆಯ ಜೊತೆ ಸಾಮಾನ್ಯವಾಗಿ ಬರುವುದು ರಬ್ಬರ್ ಬಟ್ಟಲಿನ ಸ್ಟ್ಯಾಂಡ್. ಅದನ್ನು ಗಾಜಿಗೆ ಒತ್ತಿ ಸಣ್ಣ ಲಿವರ್ ತಿರುಗಿಸಿದರೆ ಒಳಗಿನ ಗಾಳಿ ತೆಳುವಾಗಿ, ಹೊರಗಿನ ವಾತಾವರಣದ ಒತ್ತಡ ಬಟ್ಟಲನ್ನು ಗಾಜಿಗೆ ಅದುಮುತ್ತದೆ. ವಾತಾವರಣದ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 10 ನ್ಯೂಟನ್. 5 ಸೆಂ.ಮೀ. ವ್ಯಾಸದ ಬಟ್ಟಲಿನ ವಿಸ್ತೀರ್ಣ ಸುಮಾರು 20 ಚದರ ಸೆಂ.ಮೀ. ಹಾಗಾದರೆ ಒಳಗೆ ಪೂರ್ತಿ ನಿರ್ವಾತವಿದ್ದರೆ ಬಟ್ಟಲು 200 ನ್ಯೂಟನ್, ಅಂದರೆ 20 ಕಿಲೋ ಭಾರದಷ್ಟು ಬಲದಿಂದ ಅಂಟಿರಬೇಕು. ಕ್ಯಾಮೆರಾ ತೂಗುವುದು 80 ಗ್ರಾಂ. ಆದರೂ ಅದು ಮಧ್ಯಾಹ್ನದ ಬಿಸಿಲಿಗೆ ದೊಪ್ಪನೆ ಬೀಳುವುದನ್ನು ನಾವೆಲ್ಲ ಕಂಡಿದ್ದೇವೆ.

ಇದಕ್ಕೆ ಎರಡು ಕಾರಣ. ಒಂದು, ಬಿಸಿಲಿಗೆ ನಿಂತ ಕಾರಿನಲ್ಲಿ ಬಟ್ಟಲಿನೊಳಗೆ ಉಳಿದ ಸ್ವಲ್ಪ ಗಾಳಿಯ ಒತ್ತಡ ಏರುತ್ತದೆ. ರಬ್ಬರ್ ಮೆತ್ತಗಾಗಿ ಅಂಚಿನಿಂದ ಗಾಳಿ ನುಸುಳುತ್ತದೆ. ಎರಡು, ಭಾರ ನೇರವಾಗಿ ಬಟ್ಟಲಿನ ಮೇಲೆ ಬೀಳದೆ ಕೈಯ ತುದಿಯಲ್ಲಿ ತೂಗುತ್ತಿರುತ್ತದೆ. ಅದು ಬಟ್ಟಲಿನ ಒಂದು ಅಂಚನ್ನು ಸದಾ ಮೀಟುತ್ತಲೇ ಇರುತ್ತದೆ. ಮುಚ್ಚಳವನ್ನು ಚಮಚದಿಂದ ಮೀಟಿ ತೆಗೆದ ಹಾಗೆ.

ಮೀಟುವ ಈ ಪರಿಣಾಮಕ್ಕೆ ನಮ್ಮ ಪುಸ್ತಕದಲ್ಲಿ ಟಾರ್ಕ್ ಎಂಬ ಹೆಸರಿದೆ: ಬಲವನ್ನು ದೂರದಿಂದ ಗುಣಿಸಿದರೆ ಬರುವುದು. 80 ಗ್ರಾಮಿನ ಕ್ಯಾಮೆರಾದ ಭಾರ ಸುಮಾರು 0.8 ನ್ಯೂಟನ್. ಕೈ 12 ಸೆಂ.ಮೀ. ಇದ್ದರೆ ಟಾರ್ಕ್ 0.096 ನ್ಯೂಟನ್ ಮೀಟರ್. ಅದೇ 4 ಸೆಂ.ಮೀ. ಇದ್ದರೆ 0.032. ಮೂರರಲ್ಲಿ ಒಂದು ಪಾಲು. ಕತ್ತು ಬಾಗುವುದು ಗುಂಡುಕೀಲಿನಲ್ಲಿ. ಆ ಕೀಲು ಬಿಗಿತದಿಂದ ತಡೆಯಬೇಕಾದದ್ದು ಈ ಟಾರ್ಕನ್ನೇ.

ಕುಲುಕುವುದರ ಲೆಕ್ಕ ಇನ್ನೂ ಸ್ವಾರಸ್ಯ. ಮೊದಲ ಪಿಯುಸಿಯಲ್ಲಿ ಭಾರ ಹೇರಿದ ತೊಲೆ ಎಷ್ಟು ಬಾಗುತ್ತದೆ ಎಂಬ ಸೂತ್ರ ಓದುತ್ತೇವೆ. ಬಾಗು ಉದ್ದದ ಘನಕ್ಕೆ ಅನುಪಾತದಲ್ಲಿ ಹೆಚ್ಚುತ್ತದೆ, ದಪ್ಪದ ಘನಕ್ಕೆ ಅನುಪಾತದಲ್ಲಿ ಕಡಿಮೆಯಾಗುತ್ತದೆ. ಪುಸ್ತಕದ ತೊಲೆಗೆ ಎರಡೂ ತುದಿಯಲ್ಲಿ ಆಧಾರವಿದೆ, ನಮ್ಮ ಕಾಲಿಗೆ ಒಂದೇ ತುದಿಯಲ್ಲಿ. ಸೂತ್ರದ ಸ್ಥಿರಾಂಕ ಬೇರೆಯಾದರೂ ಘನದ ನಿಯಮ ಅದೇ. ಉದ್ದವನ್ನು 12ರಿಂದ 4ಕ್ಕೆ ಇಳಿಸಿದರೆ ತುದಿಯ ಬಾಗು 27 ಪಟ್ಟು ಕಡಿಮೆಯಾಗುತ್ತದೆ. ಕ್ಯಾಮೆರಾ ಓಲಾಡುವ ಕೋನ 9 ಪಟ್ಟು ಕಡಿಮೆಯಾಗುತ್ತದೆ. ಪಟ್ಟಿಯ ದಪ್ಪ 1 ಮಿ.ಮೀ. ಬದಲು 2 ಮಿ.ಮೀ. ಆದರೆ ಬಾಗು ಮತ್ತೆ 8 ಪಟ್ಟು ಕಡಿಮೆ.

ನಂಬರ್ ಪ್ಲೇಟ್ ಓದಲು ಎಷ್ಟು ಪಿಕ್ಸೆಲ್?

ಇಷ್ಟು ಸಣ್ಣ ಓಲಾಟದಿಂದ ಏನಾಗುತ್ತದೆ ಎಂದು ನೀವು ಕೇಳಬಹುದು. ಒಂದು ಲೆಕ್ಕ ಮಾಡೋಣ. ಸಾಮಾನ್ಯ ಕ್ಯಾಮೆರಾದ ಚಿತ್ರದಲ್ಲಿ ಅಡ್ಡಕ್ಕೆ 1920 ಪಿಕ್ಸೆಲ್ ಇರುತ್ತವೆ. ಅದು ಕಾಣುವ ಅಗಲ ಸುಮಾರು 140 ಡಿಗ್ರಿ ಎಂದಿಟ್ಟುಕೊಂಡರೆ ಒಂದು ಡಿಗ್ರಿಗೆ 14 ಪಿಕ್ಸೆಲ್ ಸಿಗುತ್ತದೆ. ಕಾರಿನ ಉದ್ದನೆಯ ನಂಬರ್ ಪ್ಲೇಟ್ 500 ಮಿ.ಮೀ. ಅಗಲ. 10 ಮೀಟರ್ ದೂರದಲ್ಲಿ ಅದು ಮೂರು ಡಿಗ್ರಿಗಿಂತ ತುಸು ಕಡಿಮೆ ಜಾಗ ಹಿಡಿಯುತ್ತದೆ, ಅಂದರೆ ಸುಮಾರು 40 ಪಿಕ್ಸೆಲ್. ಪ್ಲೇಟಿನಲ್ಲಿ ಹತ್ತು ಅಕ್ಷರ, ಅಂಕೆಗಳು. ಒಂದಕ್ಕೆ ನಾಲ್ಕೇ ಪಿಕ್ಸೆಲ್! 5 ಮೀಟರಿಗೆ ಬಂದರೆ ಎಂಟು.

ಈಗ 12 ಸೆಂ.ಮೀ. ಕೈಯ ತುದಿ ಒಂದು ಮಿಲಿಮೀಟರ್ ನಡುಗಿತು ಎನ್ನಿ. ಕೋನದಲ್ಲಿ ಅದು ಸುಮಾರು ಅರ್ಧ ಡಿಗ್ರಿ, ಪಿಕ್ಸೆಲಿನಲ್ಲಿ ಏಳು. ರಾತ್ರಿ ಬೆಳಕು ಕಡಿಮೆ ಇರುವುದರಿಂದ ಕ್ಯಾಮೆರಾ ಪ್ರತಿ ಚಿತ್ರಕ್ಕೂ ಹೆಚ್ಚು ಹೊತ್ತು ಕಣ್ಣು ತೆರೆದಿರುತ್ತದೆ. ಆ ಹೊತ್ತಿನಲ್ಲಿ ಏಳು ಪಿಕ್ಸೆಲ್ ಜಾರಿದರೆ ನಾಲ್ಕೋ ಎಂಟೋ ಪಿಕ್ಸೆಲಿನ ಅಂಕೆ ಪಕ್ಕದ ಅಂಕೆಯೊಂದಿಗೆ ಕಲಸಿಹೋಗುತ್ತದೆ. 3 ಯಾವುದು, 8 ಯಾವುದು ತಿಳಿಯುವುದಿಲ್ಲ. ಹೆಚ್ಚು ಬೆಲೆಯ ಕ್ಯಾಮೆರಾ ಕೊಂಡರೂ ಉದ್ದ ಕಾಲಿನ ಮೇಲೆ ಕೂರಿಸಿದರೆ ಕೊಟ್ಟ ಹಣದ ಬಹುಪಾಲು ನಡುಕದಲ್ಲೇ ಕರಗುತ್ತದೆ.

ಕಾಲು ಅಲುಗದಿದ್ದರೆ ಇನ್ನೊಂದು ಲಾಭವೂ ಇದೆ. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ನಗರದ ಮೇಲೆ ಉಲ್ಕೆಯೊಂದು ಸಿಡಿಯಿತು. ಅಲ್ಲಿನ ಕಾರುಗಳ ಡ್ಯಾಶ್ ಕ್ಯಾಮೆರಾಗಳು ಮತ್ತು ಕಟ್ಟಡಗಳ ಕ್ಯಾಮೆರಾಗಳು ಅದನ್ನು ಹಿಡಿದಿದ್ದವು. ವಿಜ್ಞಾನಿಗಳು ಆ ವಿಡಿಯೊಗಳಲ್ಲಿ ಕಾಣುವ ಕಂಬ, ಕಟ್ಟಡಗಳ ದಿಕ್ಕನ್ನು ಅಳೆದು, ಉಲ್ಕೆ ಆಕಾಶದಲ್ಲಿ ಬಂದ ದಾರಿಯನ್ನೂ ಸೂರ್ಯನ ಸುತ್ತ ಅದು ಸುತ್ತುತ್ತಿದ್ದ ಕಕ್ಷೆಯನ್ನೂ ಲೆಕ್ಕ ಹಾಕಿದರು. ಚಿತ್ರದಿಂದ ಕೋನ, ಕೋನದಿಂದ ದೂರ ತಿಳಿಯುವುದು ಕ್ಯಾಮೆರಾ ಎಲ್ಲಿ, ಹೇಗೆ ನಿಂತಿದೆ ಎಂಬುದು ಗೊತ್ತಿದ್ದಾಗ. ಮುಂದಿನ ಲಾರಿ ಹಿಂದಕ್ಕೆ ಜಾರಿತೋ ನಾವು ಮುಂದಕ್ಕೆ ಹೋದೆವೋ ಎಂದು ರಸ್ತೆ ಬದಿಯ ಕಲ್ಲನ್ನು ನೋಡಿ ಹೇಳುವುದಕ್ಕೂ ಇದೇ ನಿಯಮ.

ಎಲ್ಲಿ ಕೂರಿಸಬೇಕು?

ಕ್ಯಾಮೆರಾಕ್ಕೆ ಒಳ್ಳೆಯ ಜಾಗ ಒಳಗನ್ನಡಿಯ ಹಿಂದೆ, ಚಾಲಕನಿಂದ ದೂರದ ಬದಿ. ನಮ್ಮಲ್ಲಿ ಸ್ಟಿಯರಿಂಗ್ ಬಲಕ್ಕಿರುವುದರಿಂದ ಕನ್ನಡಿಯ ಬುಡದ ಎಡಭಾಗ. ಆ ಜಾಗವನ್ನು ಕನ್ನಡಿ ಹೇಗೂ ಮರೆಮಾಡಿರುತ್ತದೆ. ಹಾಗಾಗಿ ಚಾಲಕನಿಗೆ ಹೊಸದಾಗಿ ಏನೂ ಮರೆಯಾಗುವುದಿಲ್ಲ. ನಮ್ಮಂತೆಯೇ ಬಲಕ್ಕೆ ಸ್ಟಿಯರಿಂಗ್ ಇರುವ ಬ್ರಿಟನ್ನಿನ ವಾಹನ ತಪಾಸಣೆಯಲ್ಲಿ ಒಂದು ಅಳತೆ ಇದೆ. ಸ್ಟಿಯರಿಂಗಿನ ನಡುಮಧ್ಯಕ್ಕೆ ನೇರವಾಗಿ 290 ಮಿ.ಮೀ. ಅಗಲದ ಪಟ್ಟಿಯಲ್ಲಿ 10 ಮಿ.ಮೀ.ಗಿಂತ ಹೆಚ್ಚಿನ ಅಡ್ಡಿ ಇರಬಾರದು. ವೈಪರ್ ಒರೆಸುವ ಉಳಿದ ಭಾಗದಲ್ಲಿ 40 ಮಿ.ಮೀ. ದಾಟಬಾರದು. ನಮ್ಮ ಕಾರಿಗೂ ಈ ಅಳತೆಗೋಲು ಹಿಡಿದು ನೋಡಿದರೆ ನಷ್ಟವಿಲ್ಲ. ಬೈಕಿನವರು, ರಸ್ತೆ ದಾಟುವ ಮಕ್ಕಳು ಮರೆಯಾಗುವುದು ಇಂಥ ಅಂಗೈ ಅಗಲದ ಅಡ್ಡಿಯ ಹಿಂದೆಯೇ.

ಜಾಗ ಗುರುತಿಸುವಾಗ ಇನ್ನೂ ನಾಲ್ಕು ವಿಷಯ ನೋಡಬೇಕು.

ಒಂದು, ಕ್ಯಾಮೆರಾದ ಕಣ್ಣಿನ ಮುಂದಿನ ಗಾಜು ವೈಪರ್ ಒರೆಸುವ ಭಾಗದೊಳಗೇ ಇರಬೇಕು. ಕರಾವಳಿಯ ಜೂನ್, ಜುಲೈ ತಿಂಗಳಲ್ಲಿ ಒರೆಸದ ಗಾಜಿನಲ್ಲಿ ನೀರಿನ ಹನಿ ಬಿಟ್ಟು ಬೇರೇನೂ ಕಾಣದು.

ಎರಡು, ಗಾಜಿನ ಅಂಚಿನಲ್ಲಿ ಕಪ್ಪು ಚುಕ್ಕೆಗಳ ಪಟ್ಟಿ ಇರುತ್ತದೆ. ಅದರ ಮೈ ಸಮವಾಗಿಲ್ಲ. ಟೇಪ್ ಅದರ ಮೇಲೆ ಪೂರ್ತಿ ಕೂರುವುದಿಲ್ಲ. ಬರಿಗಾಜಿನ ಮೇಲೆಯೇ ಅಂಟಿಸಬೇಕು.

ಮೂರು, ಫಾಸ್ಟ್ಯಾಗ್. ಅದು ಇರುವುದೂ ಇದೇ ಜಾಗದಲ್ಲಿ. ಟೋಲ್ ಗೇಟಿನ ಯಂತ್ರ ಅದನ್ನು ರೇಡಿಯೊ ಅಲೆಗಳಿಂದ ಓದುತ್ತದೆ. ಲೋಹ ತೀರ ಹತ್ತಿರವಿದ್ದರೆ ಓದಲು ಅಡ್ಡಿಯಾಗುತ್ತದೆ. ಲೋಹದ ಕಾಲಿಗೂ ಫಾಸ್ಟ್ಯಾಗಿಗೂ ನಡುವೆ ಅರ್ಧ ಗೇಣಾದರೂ ಅಂತರವಿರಲಿ.

ನಾಲ್ಕು, ಹೊಸ ಕಾರುಗಳಲ್ಲಿ ಕನ್ನಡಿಯ ಹಿಂದೆ ಮಳೆ ಗುರುತಿಸುವ ಸೆನ್ಸರ್ ಅಥವಾ ಕಂಪನಿಯ ಕ್ಯಾಮೆರಾ ಇದ್ದರೆ ಅದರ ಮುಂದೆ ಏನೂ ಬರಬಾರದು.

ಕಾಲು ಗಿಡ್ಡವಿದ್ದು ಕಣ್ಣು ಗಾಜಿಗೆ ಹತ್ತಿರವಿದ್ದರೆ ಡ್ಯಾಶ್‌ಬೋರ್ಡಿನ ಪ್ರತಿಬಿಂಬವೂ ಚಿತ್ರದಲ್ಲಿ ಕಡಿಮೆ ಬೀಳುತ್ತದೆ. ಹೊರಗಿನಿಂದ ನೋಡುವವರಿಗೂ ಕಾರಿನಲ್ಲಿ ಬೆಲೆಬಾಳುವ ವಸ್ತು ಉಂಟು ಎಂದು ಥಟ್ಟನೆ ಕಾಣುವುದಿಲ್ಲ. ಸಂತೆ, ಬಸ್‌ಸ್ಟ್ಯಾಂಡ್ ಬಳಿ ಗಾಡಿ ನಿಲ್ಲಿಸಿ ಊಟಕ್ಕೆ ಹೋಗುವ ಚಾಲಕರಿಗೆ ಇದು ಸಣ್ಣ ವಿಷಯವಲ್ಲ.

ನಾವು ಮಾಡಿದ ಕಾಲು

ಅಂಗಡಿಯಲ್ಲಿ ಗಿಡ್ಡ ಮೌಂಟ್ ಸಿಗುವುದುಂಟು. ಸಿಕ್ಕರೆ ಅದೇ ಸುಲಭ. ಮಾಮನ ಕ್ಯಾಮೆರಾಕ್ಕೆ ಹೊಂದುವುದು ಸಿಗಲಿಲ್ಲ. ಹಾಗಾಗಿ ಕಿಟಕಿ ಮಾಡುವ ಅಲ್ಯೂಮಿನಿಯಂ ಫ್ಯಾಬ್ರಿಕೇಶನ್ ಅಂಗಡಿಯಿಂದ ಒಂದು ತುಂಡು ಪಟ್ಟಿ ತಂದೆವು: 3 ಸೆಂ.ಮೀ. ಅಗಲ, 2 ಮಿ.ಮೀ. ದಪ್ಪ, ಆರೂವರೆ ಸೆಂ.ಮೀ. ಉದ್ದ. ಅದು ಬಿಸಾಡುವ ತುಂಡಾದ್ದರಿಂದ ಅಂಗಡಿಯವರು ದುಡ್ಡು ತೆಗೆದುಕೊಳ್ಳಲಿಲ್ಲ. ಕಬ್ಬಿಣ ಬೇಡ ಎಂದದ್ದು ತುಕ್ಕಿನ ಕಾರಣಕ್ಕೆ. ಕಡಲ ಗಾಳಿಗೆ ಕಬ್ಬಿಣ ಎಷ್ಟು ದಿನ ತಡೆಯುತ್ತದೆ ಎಂಬುದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ.

ಮೊದಲು ಗಾಜಿನ ಇಳಿಜಾರು ಅಳೆಯಬೇಕು. ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಕೋನ ಅಳೆಯುವ ಆ್ಯಪ್ ಇರುವ ಮೊಬೈಲನ್ನು ಗಾಜಿಗೆ ಒರಗಿಸಿದರೆ ಸಾಕು. ಮಾಮನ ಕಾರಿನಲ್ಲಿ ಅದು ನೆಲಮಟ್ಟಕ್ಕೆ 30 ಡಿಗ್ರಿ ಇತ್ತು. ಪಟ್ಟಿಯ 3 ಸೆಂ.ಮೀ. ಭಾಗ ಗಾಜಿಗೆ ಅಂಟುತ್ತದೆ. ಉಳಿದ ಮೂರೂವರೆ ಸೆಂ.ಮೀ. ಕಾರಿನ ಒಳಕ್ಕೆ, ನೆಲಕ್ಕೆ ಸಮಾನಾಂತರವಾಗಿ ಚಾಚಿರಬೇಕು. ಅದಕ್ಕೆ ಪಟ್ಟಿಯನ್ನು ವೈಸಿನಲ್ಲಿ ಬಿಗಿದು ಗೆರೆ ಹಾಕಿದಲ್ಲಿ ಮೆಲ್ಲಗೆ 30 ಡಿಗ್ರಿ ಬಾಗಿಸಿದೆವು. ಒಮ್ಮೆ ಬಾಗಿಸಿದ್ದನ್ನು ಮತ್ತೆ ಮತ್ತೆ ಹಿಂದೆ ಮುಂದೆ ಮಾಡಿದರೆ ಅಲ್ಯೂಮಿನಿಯಂ ಬಿರುಕು ಬಿಡುತ್ತದೆ.

ಚಾಚಿದ ಭಾಗದಲ್ಲಿ 4 ಮಿ.ಮೀ. ತೂತು ಕೊರೆದು, ಹಳೆಯ ಸ್ಟ್ಯಾಂಡಿನಿಂದ ಬಿಚ್ಚಿದ ಜಾರುಪಟ್ಟಿಯನ್ನು ಸ್ಕ್ರೂ ಮತ್ತು ಸಡಿಲವಾಗದ ನೈಲಾನ್ ನಟ್‌ನಿಂದ ಬಿಗಿದೆವು. ಕ್ಯಾಮೆರಾ ಅದರ ಕೆಳಗೆ ತೂಗುತ್ತದೆ, ಜಾರಿಸಿದರೆ ಹೊರಬರುತ್ತದೆ. ಮೂಲೆಗಳನ್ನು ಅರದಿಂದ ಉಜ್ಜಿ ದುಂಡಗೆ ಮಾಡಬೇಕು. ಜೋರಾಗಿ ಬ್ರೇಕ್ ಹಾಕಿದಾಗ ಯಾರ ತಲೆ ಎಲ್ಲಿ ಬಡಿಯುತ್ತದೆ ಎಂದು ಹೇಳಲಾಗದು. ಕೊನೆಗೆ ಹೊಳಪಿಲ್ಲದ ಕಪ್ಪು ಬಣ್ಣ ಹೊಡೆದೆವು. ಹೊಳೆಯುವ ಲೋಹ ಗಾಜಿನಲ್ಲಿ ಪ್ರತಿಫಲಿಸಿ ಚಿತ್ರ ಕೆಡಿಸುತ್ತದೆ. ಗಾಜಿಗೆ ಅಂಟುವ ಮೈಗೆ ಮಾತ್ರ ಬಣ್ಣ ಬೇಡ, ಟೇಪ್ ಲೋಹಕ್ಕೇ ಹಿಡಿಯಬೇಕು.

ತ್ರೀಡಿ ಪ್ರಿಂಟರಿನಲ್ಲಿ ಮಾಡಬಹುದಲ್ಲ ಎಂದು ಕೆಲವು ಗೆಳೆಯರು ಕೇಳಿದರು. ಮಾಡಬಹುದು, ಆದರೆ ಪ್ಲಾಸ್ಟಿಕ್ ಯಾವುದೆಂದು ನೋಡಬೇಕು. ಪ್ರಿಂಟರುಗಳಲ್ಲಿ ಹೆಚ್ಚಾಗಿ ಬಳಸುವ ಪಿಎಲ್ಎ ಸುಮಾರು 60 ಡಿಗ್ರಿಗೆ ಮೆತ್ತಗಾಗುತ್ತದೆ. ಬಿಸಿಲಿಗೆ ನಿಂತ ಕಾರಿನ ಗಾಜಿನ ಬಳಿ ಅಷ್ಟು ಕಾವು ಏರುವುದು ಅಪರೂಪವಲ್ಲ. ಎಬಿಎಸ್ ಪ್ಲಾಸ್ಟಿಕ್ ಸುಮಾರು 100 ಡಿಗ್ರಿಯವರೆಗೆ ತಡೆಯುತ್ತದೆ. ಕ್ಯಾಮೆರಾ ಕೊಳ್ಳುವಾಗಲೂ ಇದೇ ಕಾವನ್ನು ನೆನಪಿಡಿ. ಒಳಗೆ ಲಿಥಿಯಂ ಬ್ಯಾಟರಿ ಇರುವುದಕ್ಕಿಂತ ಕೆಪಾಸಿಟರ್ ಇರುವುದು ಬಿಸಿಲನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ.

ಅಂಟಿಸುವ ಬಗೆ

ಸ್ಟೇಷನರಿ ಅಂಗಡಿಯ ಬಿಳಿ ಸ್ಪಂಜಿನ ಡಬಲ್ ಸೈಡ್ ಟೇಪ್ ಇಲ್ಲಿ ಸಾಲದು. ಬೇಕಾದದ್ದು ಅಕ್ರಿಲಿಕ್ ಫೋಮ್ ಟೇಪ್. 3ಎಂ ಕಂಪನಿಯ ವಿ.ಎಚ್.ಬಿ. ಈ ಜಾತಿಯಲ್ಲಿ ಹೆಸರಾದದ್ದು. ಸದಾ ತೂಗುವ ಭಾರಕ್ಕೆ ಆ ಕಂಪನಿ ಹೇಳುವ ಅಂದಾಜು ಕಿಲೋಗೆ ಸುಮಾರು 55 ಚದರ ಸೆಂ.ಮೀ. ಟೇಪ್. ಕ್ಯಾಮೆರಾ, ಪಟ್ಟಿ ಸೇರಿ 100 ಗ್ರಾಂ ಎಂದರೆ ಐದೂವರೆ ಚದರ ಸೆಂ.ಮೀ. ಸಾಕು. ನಾವು 3 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲದ ತುಂಡು, ಅಂದರೆ 9 ಚದರ ಸೆಂ.ಮೀ. ಹಾಕಿದೆವು. ಅಂಟುವ ಜಾಗ ಹತ್ತು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೇ.

ಟೇಪಿಗಿಂತ ತಾಳ್ಮೆ ಮುಖ್ಯ. ಐಸೊಪ್ರೊಪೈಲ್ ಆಲ್ಕೊಹಾಲಿಗೆ ಸಮಪಾಲು ನೀರು ಬೆರೆಸಿ ಗಾಜನ್ನೂ ಲೋಹವನ್ನೂ ಒರೆಸಿ ಒಣಗಿಸಬೇಕು. ಆಮೇಲೆ ಬೆರಳು ತಾಗಿಸಬಾರದು. ಅಂಟಿಸಿ ಹೆಬ್ಬೆರಳಿನಿಂದ ಬಲವಾಗಿ ಅದುಮಬೇಕು. ಕೋಣೆಯ ಉಷ್ಣತೆಯಲ್ಲಿ ಇಂಥ ಟೇಪ್ 20 ನಿಮಿಷಕ್ಕೆ ಅರ್ಧದಷ್ಟು, 24 ಗಂಟೆಗೆ ಶೇ. 90ರಷ್ಟು, 72 ಗಂಟೆಗೆ ಪೂರ್ತಿ ಹಿಡಿತ ಪಡೆಯುತ್ತದೆ. ಹಾಗಾಗಿ ಮೊದಲು ಪಟ್ಟಿಯನ್ನು ಮಾತ್ರ ಅಂಟಿಸಿ, ಒಂದು ದಿನ ಬಿಟ್ಟು ಕ್ಯಾಮೆರಾ ತೂಗಿಸಬೇಕು. ಮುಂದೆ ಎಂದಾದರೂ ತೆಗೆಯಬೇಕೆಂದರೆ ಎಳೆಯಬಾರದು. ಗಾಜು ಮತ್ತು ಪಟ್ಟಿಯ ನಡುವೆ ಗಟ್ಟಿ ಮೀನುಗಾಳದ ದಾರ ತೂರಿಸಿ ಗರಗಸದಂತೆ ಆಚೆ ಈಚೆ ಎಳೆದರೆ ಟೇಪ್ ಕತ್ತರಿಸಿಹೋಗುತ್ತದೆ.

ವಯರನ್ನು ಗಾಜಿನ ಮೇಲಿನ ಅಂಚಿನ ಛಾವಣಿ ಬಟ್ಟೆಯೊಳಗೆ ತುರುಕಿ, ಎಡಬದಿಯ ಕಂಬದ ಮೂಲಕ ಕೆಳಗಿಳಿಸುತ್ತಾರೆ. ಇಲ್ಲಿ ಒಂದು ಎಚ್ಚರಿಕೆ. ಕೆಲವು ಕಾರುಗಳಲ್ಲಿ ಆ ಕಂಬದೊಳಗಿನಿಂದ ಛಾವಣಿಯ ಉದ್ದಕ್ಕೂ ಕರ್ಟನ್ ಏರ್‌ಬ್ಯಾಗ್ ಇರುತ್ತದೆ. ವಯರ್ ಅದರ ಮುಂದೆ ಹಾದುಹೋಗಿದ್ದರೆ ಬ್ಯಾಗ್ ತೆರೆಯುವಾಗ ಅಡ್ಡಿಯಾಗಬಹುದು ಅಥವಾ ಚಾಟಿಯಂತೆ ಮುಖಕ್ಕೆ ಬಡಿಯಬಹುದು. ಅಂಥ ಕಾರಾದರೆ ತಿಳಿದ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಮಾಮನ ಕಾರಿನಲ್ಲಿ ಏರ್‌ಬ್ಯಾಗ್ ಇರುವುದು ಮುಂದಿನ ಎರಡು ಮಾತ್ರ, ಆದ್ದರಿಂದ ನಾವೇ ಮಾಡಿದೆವು. ಕ್ಯಾಮೆರಾದ ಬಳಿ ವಯರ್ ಬಿಗಿಯಾಗಿರದೆ ಸಣ್ಣ ಬಳುಕು ಇರಲಿ. ಇಲ್ಲದಿದ್ದರೆ ವಯರೇ ಕತ್ತನ್ನು ಎಳೆಯುತ್ತದೆ.

ಕಣ್ಣಿಗೆ ಬೀಳದಿರುವುದು ಬೇರೆ, ಕದ್ದು ನೋಡುವುದು ಬೇರೆ

ಕ್ಯಾಮೆರಾ ಸಣ್ಣದಾಗಿ, ಮರೆಯಲ್ಲಿ ಇದ್ದಷ್ಟೂ ಅದರ ಮಾಲೀಕರ ಜವಾಬ್ದಾರಿ ಹೆಚ್ಚು. ಖಾಸಗಿತನ ಸಂವಿಧಾನದ 21ನೇ ವಿಧಿಯೊಳಗಿನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಕಾರಿನಲ್ಲಿ ಕುಳಿತವರು ಮನೆಯ ವಿಷಯ, ಕಾಯಿಲೆಯ ವಿಷಯ, ಸಾಲದ ವಿಷಯ ಮಾತಾಡುತ್ತಾರೆ. ಮಾಮ ಈಗ ಧ್ವನಿ ಮುದ್ರಣ ಆಫ್ ಮಾಡಿದ್ದಾರೆ. ಕ್ಯಾಮೆರಾ ನೋಡುವುದು ರಸ್ತೆಯನ್ನು ಮಾತ್ರ. ಹಿಂದಿನ ಸೀಟಿನವರಿಗೆ ಕಾಣುವಂತೆ "ಮುಂದಿನ ರಸ್ತೆಯ ಚಿತ್ರೀಕರಣ ಇದೆ, ಧ್ವನಿ ಇಲ್ಲ" ಎಂಬ ಚೀಟಿ ಅಂಟಿಸಿದ್ದಾರೆ. ಅದನ್ನು ಓದಿ ಕೆಲವರು "ಒಳ್ಳೆಯದಾಯಿತು" ಎನ್ನುತ್ತಾರಂತೆ.

ಮೌಂಟ್ ಮಾಡುವಾಗ ಕಾರ್ಡ್ ತೆಗೆಯಲು ಜಾಗ ಬಿಡುವುದನ್ನು ಮರೆಯಬೇಡಿ. ಕ್ಯಾಮೆರಾ ಕಾರ್ಡ್ ತುಂಬಿದ ಮೇಲೆ ಹಳೆಯದನ್ನು ಅಳಿಸಿ ಅದರ ಮೇಲೇ ಬರೆಯುತ್ತದೆ. ನಿಮಿಷಕ್ಕೆ ಸುಮಾರು 100 ಎಂಬಿ ಎಂದರೂ 64 ಜಿಬಿ ಕಾರ್ಡ್ ಹತ್ತು ಗಂಟೆಯ ಓಡಾಟಕ್ಕೆ ತುಂಬಿತು. ಏನಾದರೂ ಆದರೆ ಕಾರ್ಡನ್ನು ಕೂಡಲೇ ತೆಗೆದಿಡಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಇಂಥ ವಿದ್ಯುನ್ಮಾನ ದಾಖಲೆಯ ಜೊತೆ ಒಂದು ಪ್ರಮಾಣಪತ್ರ ಕೊಡಬೇಕಾಗುತ್ತದೆ. ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯವನ್ನೂ ಬರೆಯಬೇಕು. ಹ್ಯಾಶ್ ಎಂದರೆ ಫೈಲಿನಿಂದ ಲೆಕ್ಕ ಹಾಕಿ ತೆಗೆದ ಬೆರಳಚ್ಚಿನಂಥ ಸಂಖ್ಯೆ. ಫೈಲಿನಲ್ಲಿ ಒಂದು ಚೂರು ಬದಲಾದರೂ ಅದು ಬದಲಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ವಿಡಿಯೊ ಕುಗ್ಗಿ ಬೇರೆಯೇ ಫೈಲ್ ಆಗುತ್ತದೆ. ಕಾರ್ಡಿನಲ್ಲಿರುವ ಮೂಲವನ್ನು ಕತ್ತರಿಸದೆ, ತಿದ್ದದೆ ಇಟ್ಟುಕೊಳ್ಳಬೇಕು.

ವಾರಕ್ಕೊಮ್ಮೆ ಮೂರು ಪರೀಕ್ಷೆ

ನಿಮ್ಮ ಮನೆಯ ಗಾಡಿಯಲ್ಲಿ ಈಗಾಗಲೇ ಡ್ಯಾಶ್ ಕ್ಯಾಮೆರಾ ಇದ್ದರೆ, ಯಾವ ಮೌಂಟ್ ಆದರೂ ಸರಿ, ವಾರಕ್ಕೊಮ್ಮೆ ಐದು ನಿಮಿಷ ಕೊಡಿ. ಕಾರ್ಡ್ ತೆಗೆದು ಕೊನೆಯ ಪ್ರಯಾಣದ ಒಂದು ತುಣುಕನ್ನು ಮೊಬೈಲಿನಲ್ಲಿ ನೋಡಿ. ಆಕಾಶ ಮತ್ತು ರಸ್ತೆ ಸೇರುವ ಗೆರೆ ಚಿತ್ರದ ನಡುಮಟ್ಟದಲ್ಲಿದೆಯೇ? ಇಲ್ಲದಿದ್ದರೆ ಕತ್ತು ಬಾಗುತ್ತಿದೆ ಎಂದರ್ಥ. ಗುಂಡಿ ಇರುವ ರಸ್ತೆಯಲ್ಲಿ ಬಾನೆಟ್ಟಿನ ಅಂಚು ಚಿತ್ರದಲ್ಲಿ ಅಲುಗದೆ ನಿಂತಿದೆಯೇ? ಅಲುಗುತ್ತಿದ್ದರೆ ಕಾಲು ಉದ್ದವಾಯಿತು ಅಥವಾ ಸ್ಕ್ರೂ ಸಡಿಲವಾಯಿತು. ಮೂರನೆಯದಾಗಿ, ಸಿಗ್ನಲ್ಲಿನಲ್ಲಿ ಐದಾರು ಮೀಟರ್ ಮುಂದೆ ನಿಂತ ವಾಹನದ ನಂಬರನ್ನು ಚಿತ್ರ ನಿಲ್ಲಿಸಿ ಗಟ್ಟಿಯಾಗಿ ಓದಿ. ಓದಲು ಬಂದರೆ ಕ್ಯಾಮೆರಾ ಕೆಲಸ ಮಾಡುತ್ತಿದೆ. ಬಾರದಿದ್ದರೆ ಹೊಸ ಕ್ಯಾಮೆರಾಕ್ಕೆ ಹಣ ಹೊಂದಿಸುವ ಮೊದಲು ಗಾಜು ಒರೆಸಿ ನೋಡಿ, ಕಾಲನ್ನು ಬೆರಳಿನಿಂದ ಅಲುಗಿಸಿ ನೋಡಿ.